ಸೋದರಮಾವ ಹೊಡೆದ ಸುಳ್ಳು ಗುರುತು

1944ನೇ ಇಸವಿ. ಹೊರಗೆ ಮಹಾಯುದ್ಧ, ಒಳಗೆ ಮೈಸೂರು ಮಹಾರಾಜರ ಆಳ್ವಿಕೆ. ಶಿರಾ ಪೇಟೆಯಲ್ಲಿ ನನ್ನ ಸೋದರಮಾವ ರುದ್ರಪ್ಪ ನಡೆಸುತ್ತಿದ್ದ ವರ್ಕ್‌ಶಾಪಿನಲ್ಲಿ ನಾನು ಕೆಲಸ ಕಲಿಯುತ್ತಿದ್ದ ಫಿಟ್ಟರ್. ಈಗ ಡೀಸೆಲ್ ಎಂಜಿನ್ ಅನ್ನುವುದನ್ನು ಆಗ ನಮ್ಮ ಕಡೆ ಆಯಿಲ್ ಎಂಜಿನ್ ಅನ್ನುತ್ತಿದ್ದರು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಯಾವ ಗಿರಣಿಯ ಎಂಜಿನ್ ನಿಂತರೂ ಮಾವನಿಗೇ ಕರೆ ಬರುತ್ತಿತ್ತು.

ನನ್ನೂರು ಮಿಡಿಗೇಶಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ತನ್ನ ತಮ್ಮನ ಕೈಗೆ ಒಪ್ಪಿಸಿದ್ದಳು. ಸುಳ್ಳೇಕೆ ಹೇಳಲಿ, ಮಾವ ಹೊಟ್ಟೆ ತುಂಬ ಅನ್ನ ಹಾಕಿದ, ಪ್ರೀತಿಯಿಂದಲೇ ನೋಡಿಕೊಂಡ. ನಾಝಲ್ ಬಿಚ್ಚುವುದು, ವಾಲ್ವ್ ಉಜ್ಜುವುದು, ಬೇರಿಂಗ್ ಕೆರೆದು ಕೂರಿಸುವುದು ಎಲ್ಲವನ್ನೂ ನನ್ನ ಕೈಯಲ್ಲೇ ಮಾಡಿಸಿದ. ಒಂದು ಕೆಲಸ ಮಾತ್ರ ತಾನೇ ಮಾಡುತ್ತಿದ್ದ. ಅದು ಟೈಮಿಂಗ್.

ಟೈಮಿಂಗ್ ಅಂದರೆ ಹೊತ್ತಿಗೆ ಸರಿಯಾಗಿ ಎಣ್ಣೆ ಬೀಳುವಂತೆ ಮಾಡುವುದು. ಪಿಸ್ಟನ್ ಮೇಲಕ್ಕೆ ಬಂದು ಗಾಳಿಯನ್ನು ಒತ್ತಿ ಹಿಡಿದ ಗಳಿಗೆಯಲ್ಲೇ ಎಣ್ಣೆ ಒಳಗೆ ಬಿದ್ದು ಉರಿಯಬೇಕು. ಇದನ್ನು ನಡೆಸುವುದು ಹಲ್ಲಿಗೆ ಹಲ್ಲು ಕೂಡಿ ತಿರುಗುವ ಎರಡು ಗೇರುಗಳು. ಯಾವ ಹಲ್ಲು ಯಾವ ಸಂದಿಗೆ ಬರಬೇಕು ಎಂದು ಕಂಪನಿಯವರು ಎರಡರ ಮೇಲೂ ಪಂಚಿನಿಂದ ಒಂದೊಂದು ಚುಕ್ಕೆ ಹೊಡೆದಿರುತ್ತಾರೆ. ಅದೇ ಗುರುತು.

"ಗುರುತಿಗೆ ಗುರುತು ಕೂರ್ಸು. ಅಷ್ಟೇ ಕಣ್ಲಾ, ಇದ್ರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ," ಅನ್ನುತ್ತಿದ್ದ ಮಾವ. ಆದರೆ ಗೇರು ಕೂರಿಸುವ ಹೊತ್ತಿಗೆ ಬೀಡಿ ತರಲಿಕ್ಕೋ, ನೀರು ತರಲಿಕ್ಕೋ ನನ್ನನ್ನು ಹೊರಗೆ ಕಳಿಸುತ್ತಿದ್ದ. ವಾಪಸ್ಸು ಬಂದಾಗ ಮೇಲೆ ಮುಚ್ಚಳ ಬಿದ್ದಿರುತ್ತಿತ್ತು.

ಆ ವರ್ಷ ಕಡಲೆಕಾಯಿ ಸುಗ್ಗಿಗೆ ಮುಂಚೆ ಮಧುಗಿರಿಯ ಎಣ್ಣೆ ಗಿರಣಿಯ ಸಾಹುಕಾರ್ ನಂಜುಂಡಯ್ಯನವರಿಗೆ ಗಿರಣಿಯಲ್ಲೇ ಇರುವಂಥ ಎಂಜಿನ್ ಡ್ರೈವರ್ ಒಬ್ಬ ಬೇಕಾಗಿದ್ದ. ಅವರ ಎಂಜಿನ್ನಿನ ಬೇರಿಂಗ್ ಸವೆದಿತ್ತು. "ಬಿಚ್ಚಿ, ಸರಿಮಾಡಿ, ಓಡಿಸಿ ತೋರಿಸು. ಕೆಲಸ ನಿಂದೇ," ಅಂದರು. ಕಾಯಂ ಕೆಲಸ, ಇರಲು ಮನೆ. ಮಿಡಿಗೇಶಿಯಲ್ಲಿ ಕೂಲಿಗೆ ಹೋಗುತ್ತಿದ್ದ ಅಮ್ಮನನ್ನು ಕರೆತಂದು ಇಟ್ಟುಕೊಳ್ಳಬಹುದಿತ್ತು. ಮಾವನನ್ನು ಕೇಳಿದೆ. "ಹೋಗ್ಲಾ, ನೀನು ಉದ್ಧಾರ ಆದ್ರೆ ನಂಗೇ ಹೆಸ್ರು," ಎಂದು ಬೆನ್ನು ತಟ್ಟಿ, ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲು ಗ್ಯಾಸಿನಿಂದ ಓಡುತ್ತಿದ್ದ ಬಸ್ಸು ಹತ್ತಿಸಿದ. ಆ ಎಂಜಿನ್ನನ್ನು ಹಿಂದೆ ರಿಪೇರಿ ಮಾಡಿದ್ದವನು ಅವನೇ.

ಬೇರಿಂಗ್ ಕೂರಿಸಿದೆ. ಅದಕ್ಕಾಗಿ ಬಿಚ್ಚಿದ್ದ ಗೇರುಗಳನ್ನು ಒರೆಸಿ, ಗುರುತಿಗೆ ಗುರುತು ಸೇರಿಸಿದೆ. ಸಾಹುಕಾರರು ತೆಂಗಿನಕಾಯಿ ಒಡೆಸಿದರು. ಗಾಣದ ಆಳುಗಳೆಲ್ಲ ಸುತ್ತ ನಿಂತರು. ಹ್ಯಾಂಡಲ್ ಹಾಕಿ ತಿರುಗಿಸಿ, ವೇಗ ಹಿಡಿಸಿ, ಅಲ್ಲಿಯವರೆಗೆ ಒಳಗಿನ ಗಾಳಿ ಒತ್ತದಂತೆ ತಡೆದಿದ್ದ ಲಿವರ್ ಬಿಟ್ಟೆ. ಢಮಾರ್ ಎಂದ ಎಂಜಿನ್ ಹಿಂದಕ್ಕೆ ಒದೆಯಿತು. ಹ್ಯಾಂಡಲ್ ತಿರುಗಿ ಬಂದು ಬಲಗೈಗೆ ಬಡಿದದ್ದಷ್ಟೇ ಗೊತ್ತು. ಮುಂಗೈ ಮೂಳೆ ಮುರಿದಿತ್ತು.

"ಅಯ್ಯಯ್ಯೋ, ಹುಡ್ಗನ್ ಕೈ ಹೋಯ್ತಲ್ರಪ್ಪೋ!" ಎಂದು ಆಳುಗಳು ನನ್ನನ್ನು ಎತ್ತಿ ಕೂರಿಸಿದರು. ಮೂಳೆ ಕಟ್ಟುವವರು ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಸಾಹುಕಾರರು ಶಿರಾಕ್ಕೆ ಆಳು ಅಟ್ಟಿದರು.

ಮಾರನೆಯ ದಿನ ಮಾವ ಬಂದ. ನನ್ನ ಕೈ ನೋಡಿ ಲೊಚಗುಟ್ಟಿದ. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಳೆದಿರಬಹುದು, ಎಂಜಿನ್ ಡಬಡಬ ಎಂದು ಓಡಿತು. ಹೊರಗೆ ಬಂದು, ನನ್ನೆದುರಿಗೇ ಹೇಳಿದ: "ಇನ್ನೂ ಕೈ ಪಳಗಿಲ್ಲ ಸಾವ್ಕಾರ್ರೇ. ನಾನೇ ಬೇಡ ಅಂದಿದ್ದೆ, ಹುಡ್ಗ ಕೇಳ್ನಿಲ್ಲ."

ಬೇಡ ಅಂದಿದ್ದನಂತೆ! ಅವನು ಸಾಹುಕಾರರ ಮನೆಗೆ ಊಟಕ್ಕೆ ಹೋದಾಗ ಎಂಜಿನ್ ನಿಲ್ಲಿಸಿದ್ದರು. ಎಡಗೈಯಲ್ಲೇ ಬೋಲ್ಟು ಬಿಚ್ಚಿ ಮುಚ್ಚಳ ತೆಗೆದು ನೋಡಿದೆ. ಸರಿಯಾಗಿ ಓಡಿದ ಎಂಜಿನ್ನಿನಲ್ಲಿ ಗುರುತಿಗೆ ಗುರುತು ಕೂಡಿರಲಿಲ್ಲ, ಎರಡು ಹಲ್ಲು ಆಚೆಗಿತ್ತು. ಗ್ರೀಸ್ ಒರೆಸಿದೆ. ಹಿಂದಿನ ದಿನ ಚುಕ್ಕೆಯನ್ನಷ್ಟೇ ಹುಡುಕಿದ್ದ ನಾನು ಗಮನಿಸಿರಲಿಲ್ಲ, ಕೂಡಿದ್ದ ಹಲ್ಲುಗಳ ಪಕ್ಕದಲ್ಲಿ ಅರ ಹಾಕಿ ಉಜ್ಜಿದ ಜಾಗ ಹೊಳೆಯುತ್ತಿತ್ತು. ಕಂಪನಿಯ ಗುರುತನ್ನು ಮಾವ ಅಳಿಸಿ, ತಪ್ಪು ಜಾಗದಲ್ಲಿ ತನ್ನದೇ ಚುಕ್ಕೆ ಹೊಡೆದಿದ್ದ. ಅದನ್ನು ನಂಬಿ ಕೂರಿಸಿದ್ದಕ್ಕೇ ಪಿಸ್ಟನ್ ಇನ್ನೂ ಏರುತ್ತಿರುವಾಗ ಎಣ್ಣೆ ಬಿದ್ದು ಉರಿದಿತ್ತು.

ಊಟ ಮುಗಿಸಿ ಬಂದವನಿಗೆ ಅದನ್ನು ತೋರಿಸಿ, "ಏನ್ ಮಾವ ಇದು?" ಅಂದೆ.

ಅವನೇನೂ ನಾಚಲಿಲ್ಲ. "ಬೀಗ ಕಣ್ಲಾ. ನಾನು ಮುಟ್ಟಿದ್ ಎಂಜಿನ್ನಿಗೆಲ್ಲಾ ಇಂಗೇ ಹಾಕಿವ್ನಿ. ಇಲ್ದಿದ್ರೆ ಕಂಡೋರೆಲ್ಲಾ ಬಿಚ್ಚಿ ಕೂರ್ಸಿಬುಟ್ರೆ ನನ್ನ ಯಾವನ್ಲಾ ಕರೀತಾನೆ?"

"ನಾನೂ ಕಂಡೋನೇನಾ? ಈ ಕೈ ನೋಡು."

"ಕೈ ಮುರೀತದೆ ಅಂತ ನಂಗೇನ್ ಗೊತ್ತು? ಎಂಜಿನ್ ಓಡಾಕಿಲ್ಲ, ಹುಡ್ಗ ವಾಪಸ್ ಬತ್ತಾನೆ ಅಂದ್ಕಂಡಿದ್ದೆ."

ಅಂದರೆ ಬೆನ್ನು ತಟ್ಟುವಾಗಲೇ ನಾನು ಸೋಲುವುದು ಅವನಿಗೆ ಗೊತ್ತಿತ್ತು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇನ್ನೇನು?

ಸಾಹುಕಾರರನ್ನು ಕರೆದು ಉಜ್ಜಿದ ಜಾಗ ತೋರಿಸಿದೆ. ಅವರು ಬಗ್ಗಿ ನೋಡಿದರು, ಅರ್ಥವೂ ಆಯಿತು. ತಲೆ ಕೆರೆದುಕೊಂಡು, "ನೀನು ಹೇಳೋದು ನಿಜ ಕಣಪ್ಪ. ಆದ್ರೆ ಸುಗ್ಗಿ ಬಂತು, ನಿಂಗೆ ಕೈಯಿಲ್ಲ. ನಾಳೆ ನಿಂತ್ರೆ ಅವ್ನೇ ಬರ್ಬೇಕು. ಅವ್ನನ್ನ ಹೆಂಗೆ ಎದುರು ಹಾಕ್ಕೊಳ್ಳಲಿ?" ಅಂದರು. ಡ್ರೈವರ್ ಕೆಲಸಕ್ಕೆ ಮಾವ ಹೇಳಿದ ಬೇರೊಬ್ಬನನ್ನು ಇಟ್ಟುಕೊಂಡರು.

ಮಿಡಿಗೇಶಿಗೆ ಹೋದೆ. ಅಮ್ಮ ಕೈ ಸವರಿ ಅತ್ತಳು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ, "ಊರ್ಗೆಲ್ಲಾ ಹೇಳ್ಬ್ಯಾಡ ಕಣಪ್ಪ, ಅವ್ನು ನನ್ನ ಒಡಹುಟ್ಟಿದೋನು," ಅಂದಳು. ಮುರಿದ ಕೈಗಿಂತ ಆ ಮಾತು ಹೆಚ್ಚು ನೋಯಿಸಿತು.

ಕೈ ಕೂಡಿದ ಮೇಲೆ ಬೆಂಗಳೂರಿಗೆ ಹೋಗಿ ಮೊದಲಿನಿಂದ ಕಲಿತೆ. ಗುರುತೇ ಇಲ್ಲದ ಗೇರನ್ನು ಪಿಸ್ಟನ್ನಿನ ಜಾಗ ಅಳೆದು, ಪಂಪಿನಿಂದ ಎಣ್ಣೆ ಚಿಮ್ಮುವ ಗಳಿಗೆ ನೋಡಿ ಕೂರಿಸಬಹುದೆಂದು ಅಲ್ಲಿ ತಿಳಿಯಿತು. ಅಷ್ಟನ್ನು ಮಾವ ಹೇಳಿಕೊಟ್ಟಿದ್ದರೆ ಯಾವ ಸುಳ್ಳು ಚುಕ್ಕೆಗೂ ನಾನು ಮೋಸ ಹೋಗುತ್ತಿರಲಿಲ್ಲ. ಮೋಸ ಮಧುಗಿರಿಯಲ್ಲಿ ನಡೆದದ್ದಲ್ಲ. "ಅಷ್ಟೇ ಕಣ್ಲಾ" ಅಂದ ದಿನವೇ ನಡೆದಿತ್ತು.

ಮುಂದೆ ರೋಡ್ ರೋಲರ್, ಬುಲ್ಡೋಜರ್‌ಗಳ ಮೆಕ್ಯಾನಿಕ್ ಆಗಿ ನಿವೃತ್ತನಾದೆ. ಕಲಿಯಲು ಬಂದವರಿಗೆಲ್ಲ ಗುರುತಿನ ಮೇಲೆ ಬಣ್ಣ ಬಳಿದೇ ಗೇರು ಕೊಟ್ಟೆ, ಗುರುತು ಅಲ್ಲೇ ಯಾಕೆ ಎಂದೂ ಹೇಳಿಕೊಟ್ಟೆ. ಹೇಗೆ ಎಂದಷ್ಟೇ ಹೇಳಿ ಯಾಕೆ ಎಂದು ಹೇಳದವನು ಶಿಷ್ಯನನ್ನು ಸಾಕುತ್ತಿಲ್ಲ, ಕಟ್ಟಿಹಾಕುತ್ತಿದ್ದಾನೆ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು. ವಯಸ್ಸಾಯಿತು, ಮಾವನನ್ನು ಇನ್ನಾದರೂ ಕ್ಷಮಿಸು ಎಂದು ನೆಂಟರು ಹೇಳುತ್ತಾರೆ. ಹೇಳುವವರು ಒಂದು ಸಲ ಬಂದು ಆ ಹ್ಯಾಂಡಲ್ ತಿರುಗಿಸಲಿ.