ನೀರು ಬಂದ ದಿನ ಎಣಿಸಿದ ಶಾಲೆ

ಮಾಲು ತೋರಿಸುವ ದಿನವನ್ನು ಮಾರುವವನು ನೋಡಿ ಆರಿಸಬೇಕು. ಮೋಡ ಕವಿದ ದಿನ ಭತ್ತದ ರಾಶಿ ಬಿಚ್ಚಿ ತೋರಿಸುತ್ತಾರೇನು? ಕಂಪ್ಲಿ ಹತ್ತಿರದ ನಮ್ಮ ಹಳ್ಳಿಯ ದೊಡ್ಡವರಿಗೆ ಇಷ್ಟು ತಿಳಿದಿದ್ದರೆ ಶಾಲೆ ಉಳೀತಿತ್ತು.

ನಮ್ಮದು ಒಂದೇ ಕೋಣೆಯ, ಒಬ್ಬರೇ ಮೇಷ್ಟ್ರ ಶಾಲೆ. ಮಕ್ಕಳು ಕಡಿಮೆ ಇದ್ದರೆ ಅದನ್ನು ಮುಚ್ಚಿ ದೊಡ್ಡ ಕಾಲುವೆಯ ಆಚೆಯ ಊರಿನ ಶಾಲೆಗೆ ಸೇರಿಸುತ್ತೇವೆ ಅಂತ ಪತ್ರ ಬಂತು. ಸೇತುವೆ ಸುತ್ತಿ ಹೋದರೆ ಮೂರು ಮೈಲಿ. ನನ್ನ ಮಗಳು ಆಗ ಮೂರನೇ ಕ್ಲಾಸು. ತುಂಬಿದ ಕಾಲುವೆ ದಂಡೆ ಮೇಲೆ ಹೆಣ್ಣುಹುಡುಗಿಯನ್ನು ಒಬ್ಬಳೇ ಕಳಿಸೋದಿಲ್ಲ ಅಂತ ಮನೆಯಾಕೆ ಖಡಾಖಂಡಿತ ಹೇಳಿದ್ದಳು. ಶಾಲೆ ಹೋದರೆ ಅವಳ ಓದೂ ಹೋದಂಗೆ.

ಎಣಿಸಲು ಬರುವ ಸಾಹೇಬರು ಯಾವ ದಿನ ಬರಲಿ ಅಂತ ಊರನ್ನೇ ಕೇಳಿದರು. ಇಂಥ ಗಿರಾಕಿ ಯಾರಿಗೆ ಸಿಗುತ್ತಾನೆ? ನಮ್ಮ ಗೌಡರು, ಕಾಲುವೆಯ ದಯದಿಂದ ಮಣ್ಣಿನ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದವರು, ನೀರು ಬರುವ ದಿನವೇ ಬರ್ರಿ ಅಂದರು. ಅವತ್ತು ಮನೆಮನೆಯಲ್ಲೂ ಹೋಳಿಗೆ. ಊರಿನ ಸಿರಿ ಸಾಹೇಬರು ನೋಡಲಿ ಅಂತ.

"ಗೌಡ್ರ, ಅವತ್ತು ಹುಡುಗ್ರು ಸಾಲ್ಯಾಗ ಇರ್ತಾವೇನ್ರಿ?" ಅಂದೆ.

"ನೀ ಭತ್ತದ ದಲಾಲಿ, ಅದನ್ನ ನೋಡ್ಕೊ. ಉಂಡ ಬಾಯಿ ಇಲ್ಲ ಅನ್ನಂಗಿಲ್ಲಲೇ."

ಸುತ್ತ ಕುಳಿತವರು ನಕ್ಕರು. ಅವರ ಮಕ್ಕಳು ಆಗಲೇ ಟೈ ಕಟ್ಟಿಕೊಂಡು ಹೊಸಪೇಟೆಯ ಕಾನ್ವೆಂಟಿಗೆ ಹೋಗುತ್ತಿದ್ದವು. ನಗಲಿಕ್ಕೆ ಅವರಿಗೇನು?

ನಮ್ಮಲ್ಲೊಂದು ಪದ್ಧತಿ. ಊರಿನ ಒಣಗಿದ ಕಿರುಗಾಲುವೆಗೆ ವರ್ಷದ ಮೊದಲ ನೀರು ಬಂದಾಗ ಮಕ್ಕಳೆಲ್ಲ ಅದರ ಮುಂದೆ ಕೂಗುತ್ತ ಕಟ್ಟಕಡೆಯ ಹೊಲದವರೆಗೆ ನಡೆಯಬೇಕು. ತಡೆದರೆ ಬೆಳೆಗೆ ಕೇಡು. ಸಾಹೇಬರು ಬಂದಾಗ ಶಾಲೆಯಲ್ಲಿ ಇದ್ದದ್ದು ಕಾಲಿಗೆ ಮುಳ್ಳು ನೆಟ್ಟ ಒಬ್ಬ ಹುಡುಗಿ, ಮತ್ತೆ ನಾನು ಗದರಿಸಿ ಕೂರಿಸಿದ್ದ ನನ್ನ ಮಗಳು.

"ಉಳಿದೋರು?"

"ನೀರಿನ ಮುಂದ ಹೋಗ್ಯಾರ್ರಿ," ಅಂದರು ಮೇಷ್ಟ್ರು, ನೆಲ ನೋಡುತ್ತ.

"ಸಂಜಿ ಮಟ ಕುಂದ್ರಿ ಸಾಹೇಬ್ರ, ಬರ್ತಾವು," ಅಂದೆ ನಾನು.

"ನೀರು ಬಂದ್ರೆ ಖಾಲಿಯಾಗೋ ಶಾಲೆ ಎಂಥದ್ರೀ ನಿಮ್ದು?"

ಸಾಹೇಬರು ಹೋಳಿಗೆ ಉಂಡರು, ತುಪ್ಪ ಚೆನ್ನಾಗಿದೆ ಅಂದರು, ಇಬ್ಬರು ಅಂತ ಬರೆದುಕೊಂಡು ಜೀಪು ಹತ್ತಿದರು.

ಶಾಲೆ ಮುಚ್ಚಿತು. ಗೌಡರು ಒಳಗೆ ಗೊಬ್ಬರದ ಚೀಲ ಪೇರಿಸಿದರು, ಹೊರಗೆ ಕಟ್ಟೆ ಮೇಲೆ ಕುಳಿತು ಸರ್ಕಾರ ಹಳ್ಳಿಗೆ ಅನ್ಯಾಯ ಮಾಡಿತು ಅಂತ ಭಾಷಣ ಬಿಗಿದರು. ನಾನು ಬೆಳಗಿನ ವ್ಯಾಪಾರ ಬಿಟ್ಟು ಮಗಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ದಿನಾ ಕಾಲುವೆಯಾಚೆಯ ಶಾಲೆಗೆ ಹೊರಟೆ. ಉಳಿದ ಹೆಣ್ಣುಮಕ್ಕಳನ್ನೂ ಕಳಿಸ್ರಿ, ಒಂದು ಬಂಡಿ ಗೊತ್ತುಮಾಡೋಣ ಅಂತ ಮನೆಮನೆ ತಿರುಗಿ ಹೇಳಿದ್ದೆ. ಕಳೆ ಮುಗೀಲಿ ತಡಿ ಅಂದರು. ಎರಡು ಬೆಳೆ ತೆಗೆಯುವ ಊರಲ್ಲಿ ಕಳೆ ಯಾವಾಗ ಮುಗಿಯುತ್ತದೆ?

ಗದ್ದೆಯಲ್ಲಿ ಬಗ್ಗಿದ್ದ ಅವಳ ಗೆಳತಿಯರು ಸೈಕಲ್ ಕಂಡರೆ ಎದ್ದು ನಿಂತು ಕೈ ಮಾಡುತ್ತಿದ್ದರು. "ನಿಲ್ಸಪ್ಪ," ಅನ್ನುತ್ತಿದ್ದಳು ಮಗಳು. ನಾನು ಒಂದು ದಿನವೂ ನಿಲ್ಲಿಸಲಿಲ್ಲ.