ದಾರಿ ಕಾಯುವ ಗುಡ್ಡೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದ ನಡುವಿನ ಜಲಾಶಯದ ದಂಡೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತು, ಮೊಣಕಾಲೆತ್ತರದ ಒಂದು ಕಲ್ಲುಗುಡ್ಡೆಯನ್ನು ದಿಟ್ಟಿಸುತ್ತಿದ್ದಾರೆ. ಯಾರೋ ಬಹಳ ಮುತುವರ್ಜಿಯಿಂದ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ತುದಿಗೆ ಒಂದು ಹಳದಿ ಹೂವು ಬೇರೆ. ಆ ಹೆಂಗಸು ಹೂವನ್ನು ಎತ್ತಿ ಪಕ್ಕದ ಬಂಡೆಯ ಮೇಲಿಡುತ್ತಾರೆ. ಆಮೇಲೆ ಗಮ್‌ಬೂಟಿನ ಕಾಲೆತ್ತಿ ಒಂದೇ ಒದೆ. ಗುಡ್ಡೆ ಚೆಲ್ಲಾಪಿಲ್ಲಿ.

“ಚೆನ್ನಾಗಿತ್ತು, ಪಾಪ” ಎನ್ನುತ್ತಾ ಮುಂದಿನದರತ್ತ ನಡೆಯುತ್ತಾರೆ.

ಜಲಾಶಯದ ಕಚೇರಿಯ ಹಾಜರಿಯಲ್ಲಿ ಇವರಿಗೊಂದು ಉದ್ದ ಹುದ್ದೆಯ ಹೆಸರಿದೆ. ಅದು ಯಾರ ಬಾಯಲ್ಲೂ ನಿಂತಿಲ್ಲ. ಟಿಕೆಟ್ ಕೊಡುವವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಇವರು ಗುಡ್ಡೆಯಕ್ಕ. ಬೆಟ್ಟದ ಮೇಲಿನ ಪುಟ್ಟ ಸರೋವರಕ್ಕೆ ಹೋಗುವ ಚಾರಣಿಗರು ಮೊದಲು ಈ ಜಲಾಶಯದ ದಂಡೆ ಹಿಡಿದೇ ಸಾಗಬೇಕು. ಆ ದಾರಿಯನ್ನು ತೋರಿಸುವ ಗುರುತಿನ ಗುಡ್ಡೆಗಳನ್ನು ಕಟ್ಟುವುದು ಮತ್ತು ಕಾಯುವುದು ಇವರ ಕೆಲಸ.

ಒಂದು ಸಲ ಕಟ್ಟಿಟ್ಟರೆ ಮುಗಿಯಲಿಲ್ಲವೇ ಎಂದು ಕೇಳಿದರೆ ಅವರಿಗೆ ನಗು. “ದಾರಿ ಒಂದೇ ಕಡೆ ಕೂತಿದ್ರೆ ತಾನೆ? ನೀರು ಏರಿದ್ರೆ ದಾರಿ ಮೇಲಕ್ಕೆ ಹೋಗುತ್ತೆ, ಇಳಿದ್ರೆ ಕೆಳಕ್ಕೆ ಬರುತ್ತೆ. ಕಂಬ ನೆಟ್ರೆ ನೀರು ಎತ್ಕೊಂಡು ಹೋಗುತ್ತೆ. ಬಣ್ಣ ಬಳಿದ್ರೆ ಪಾಚಿ ತಿನ್ನುತ್ತೆ. ಕಲ್ಲಾದ್ರೆ ಹೇಳಿದ ಮಾತು ಕೇಳುತ್ತೆ.”

ಕಲ್ಲು ಮಾತು ಕೇಳುತ್ತದೆ, ಸರಿ. ಕೇಳದವರು ಜನ. ರಜಾದಿನ ಬಂತೆಂದರೆ ದಂಡೆಯ ತುಂಬ ನೂರಾರು ಮಂದಿ. ಬುತ್ತಿ ಬಿಚ್ಚಿ, ಫೋಟೋ ತೆಗೆದು, ಕೈಗೆ ಬೇರೆ ಕೆಲಸವಿಲ್ಲದೆ ಕಲ್ಲು ಪೇರಿಸುತ್ತಾರೆ. ಪ್ರೇಮಿಗಳು ಪೇರಿಸುತ್ತಾರೆ, ಮಕ್ಕಳು ಪೇರಿಸುತ್ತಾರೆ, ನಿವೃತ್ತರಾದ ಗಂಭೀರ ಮುಖದವರೂ ಅತ್ತಿತ್ತ ನೋಡಿ ಒಂದು ಪೇರಿಸಿಯೇಬಿಡುತ್ತಾರೆ. ಮರುದಿನ ಮಂಜು ಮುಸುಕಿದಾಗ ಹೊಸಬರಿಗೆ ಯಾವುದು ಗುರುತು, ಯಾವುದು ಆಟ ಎಂದು ಹೇಗೆ ಗೊತ್ತಾಗಬೇಕು? ನೀರು ಇಳಿದ ಕಡೆ ಹೂಳು ನಿಂತಿರುತ್ತದೆ. ಮೇಲೆ ಒಣಗಿ ಬಿರುಕುಬಿಟ್ಟ ನೆಲ, ಕಾಲಿಟ್ಟರೆ ಸೊಂಟದವರೆಗೆ ಕೆಸರು. ಹಿಂದೊಮ್ಮೆ ಅಣ್ಣತಮ್ಮಂದಿರಿಬ್ಬರು ಹೀಗೆ ಸಿಕ್ಕಿಕೊಂಡು, ಹಗ್ಗ ಹಾಕಿ ಎಳೆಯುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಗಿತ್ತು. ಅದಕ್ಕೇ ಮೊದಲ ಚಾರಣಿಗ ಗೇಟು ದಾಟುವ ಮೊದಲು ಗುಡ್ಡೆಯಕ್ಕ ದಂಡೆಯುದ್ದಕ್ಕೂ ನಡೆದು ಆಟದ ಗುಡ್ಡೆಗಳನ್ನೆಲ್ಲ ಕೆಡವಿ ಬರುತ್ತಾರೆ.

ಇದಕ್ಕೆ ಅವರಿಗೆ ಸಿಗುವುದು ಬೈಗುಳ. ಒಮ್ಮೆ ಹುಡುಗಿಯೊಬ್ಬಳು ಹಿಂದಿನ ದಿನದ ತನ್ನ ಗುಡ್ಡೆ ಹುಡುಕಿಕೊಂಡು ಬಂದು, ಇವರು ಒದೆಯುವುದನ್ನು ಕಣ್ಣಾರೆ ಕಂಡು ಗೊಳೋ ಎಂದಳಂತೆ. “ಅವಳಮ್ಮ ನನಗೆ ಹೃದಯವೇ ಇಲ್ಲ ಅಂದ್ರು. ಇದೆ, ಬೆಟ್ಟ ಹತ್ತುವಾಗ ಬಡ್ಕೊಳುತ್ತೆ ಅಂದೆ.”

ಹಾಗಾದರೆ ತಮ್ಮ ಗುಡ್ಡೆ ಯಾವುದೆಂದು ಅವರಿಗೆ ಹೇಗೆ ಗೊತ್ತಾಗುತ್ತದೆ? ಬಗ್ಗಿ ತೋರಿಸುತ್ತಾರೆ. ತಳದ ಕಲ್ಲು ಬೆಟ್ಟದ ಕಡೆಗೆ ತುಸು ವಾಲಿದೆ. ಅದರಡಿ ಅಲುಗಾಡದಂತೆ ಒಂದು ಚಕ್ಕೆ ತುರುಕಿದೆ. ತುದಿಯಲ್ಲಿ ಒಂದು ಬಿಳಿಗಲ್ಲು, ಅದರ ಚೂಪು ಮುಂದಿನ ಗುಡ್ಡೆಯ ಕಡೆಗೆ. ಇದನ್ನು ಕಲಿಸಿದ್ದು ಅಪ್ಪ. ಈ ಕೆಲಸ ಮೊದಲು ಅವರದ್ದೇ ಆಗಿತ್ತು. ಚಿಕ್ಕಂದಿನಲ್ಲಿ ಮಗಳು ಕಟ್ಟಿದ ಗುಡ್ಡೆಯ ಮೇಲೆ ಅಪ್ಪ ಅಂಗೈಯಿಟ್ಟು ಒತ್ತಿ ನೋಡುತ್ತಿದ್ದರು. ಅಲುಗಿದರೆ ಮಾತಿಲ್ಲದೆ ಕೆಡವುತ್ತಿದ್ದರು. “ಎಷ್ಟು ಸಲ ಅತ್ತಿದ್ದೀನೋ! ಆ ಹುಡುಗಿ ಅಳೋದು ನೋಡಿ ನಂಗೆ ನನ್ನದೇ ನೆನಪಾಯ್ತು.”

ಎರಡು ವರ್ಷದ ಹಿಂದೆ ಒಂದು ವಿಚಿತ್ರ ಶುರುವಾಯಿತು. ದಂಡೆ ಒಳಕ್ಕೆ ಬಾಗುವ ತಿರುವಿನಲ್ಲಿ ದಾರಿ ಎಡಕ್ಕೆ ಹೊರಳಿ ಮೇಲೆ ಹತ್ತುತ್ತದೆ. ಅಲ್ಲಿ ಹತ್ತದೆ ನೇರ ಮುಂದಕ್ಕೆ, ಹೂಳಿನ ಅಂಚಿಗೆ ಸರಿಯಾಗಿ, ದಿನಾ ಬೆಳಿಗ್ಗೆ ಒಂದು ಗುಡ್ಡೆ. ಇಂದು ಕೆಡವಿದರೆ ನಾಳೆ ಮತ್ತೆ ಅಲ್ಲೇ ಹಾಜರು. ಯಾರೋ ಬೇಕೆಂದೇ ಕೀಟಲೆ ಮಾಡುತ್ತಿದ್ದಾರೆಂದು ಗುಡ್ಡೆಯಕ್ಕನಿಗೆ ಪಿತ್ತ ನೆತ್ತಿಗೇರಿತು. ಆದರೆ ಕಿತ್ತು ನೋಡಿದಾಗ ಕುತೂಹಲ. ಆಟದ ಗುಡ್ಡೆಯಂತೆ ಅದು ಒಂದೇ ಒದೆಗೆ ಬೀಳುತ್ತಿರಲಿಲ್ಲ. “ಚಕ್ಕೆ, ಬಿಳಿಗಲ್ಲು ಎಲ್ಲ ನನ್ನ ಗುಡ್ಡೆ ನೋಡಿ ಕಲ್ತಿರ್ಬೇಕು, ಯಾರೇ ಇರಲಿ, ಕೈ ಪಳಗಿದೆ ಅನ್ನಿಸ್ತು. ಸಿಕ್ಕಿದ್ರೆ ಬೈಯೋದು, ಆಮೇಲೆ ಕೆಲಸಕ್ಕೆ ಇಟ್ಕೊಳ್ಳೋದು ಅಂದ್ಕೊಂಡೆ.”

ಒಂದು ಸಂಜೆ ಬಂಡೆಯ ಮರೆಯಲ್ಲಿ ಕಾದು ಕುಳಿತರು. ಚಾರಣಿಗರೆಲ್ಲ ಇಳಿದುಹೋದ ಮೇಲೆ ಕೋಲೂರುತ್ತಾ ಒಬ್ಬರು ಬಂದರು. ತಿರುವಿನಲ್ಲಿ ಎಡಕ್ಕೆ ಹೊರಳದೆ ನೇರ ನಡೆದರು. ಕುಕ್ಕರಗಾಲಲ್ಲಿ ಕುಳಿತು ತಳದ ಕಲ್ಲು ಆರಿಸಿದರು, ಚಕ್ಕೆ ತುರುಕಿದರು, ಕೊನೆಗೆ ಜೇಬಿನಿಂದ ಬಿಳಿಗಲ್ಲು ತೆಗೆದು ತುದಿಗಿಟ್ಟು ಅಂಗೈಯಿಂದ ಒತ್ತಿದರು. ಬಂದವರು ಗುಡ್ಡೆಯಕ್ಕನ ಅಪ್ಪ.

ಕಾಯಿಲೆ ಬಿದ್ದು ಎದ್ದಾಗಿನಿಂದ ಅಪ್ಪನ ತಲೆಯಲ್ಲಿ ಹಳೆಯದು ಗಟ್ಟಿ, ಹೊಸದು ಜಾರು. ಅಣೆಕಟ್ಟೆಯ ಗೋಡೆ ಎತ್ತರಿಸಿದ್ದು, ಹಳೆಯ ದಾರಿ ನೀರಿಗೆ ಹೋಗಿ ಅಲ್ಲೆಲ್ಲ ಹೂಳು ಕೂತದ್ದು ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಅವರ ಕಾಲುಗಳಿಗೆ ಈಗಲೂ ಹಳೆಯ ದಾರಿಯೇ ದಾರಿ.

“ಎದ್ದು ಹೋಗಿ ಹೇಳೋಣ ಅಂದ್ಕೊಂಡೆ. ಏನಂತ ಹೇಳಲಿ? ಅಪ್ಪಾ, ನೀನು ಜನರನ್ನ ಕೆಸರಿಗೆ ಕಳಿಸ್ತಿದ್ದೀಯ ಅಂತಲಾ?”

ಮೊದಲು ಬಾಗಿಲಿಗೆ ಚಿಲಕ ಹಾಕಿ ನೋಡಿದರು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬೇಡ, ಮಾತು ಬೇಡ. ಒಂದು ವಾರ ಕಳೆಯುವ ಮೊದಲೇ, ತಡೆಯಲಾಗದೆ ಮಗಳೇ ಚಿಲಕ ತೆಗೆದರು. ಆ ಸಂಜೆ ಬೆಟ್ಟದಿಂದ ಇಳಿದ ಅಪ್ಪ ಎರಡು ಸಲ ಬಡಿಸಿಕೊಂಡು ಉಂಡರು.

ಅಂದಿನಿಂದ ಈ ಮನೆಯಲ್ಲೊಂದು ಕಳ್ಳ ವ್ಯವಸ್ಥೆ ನಡೆದುಬಂದಿದೆ. ಸಂಜೆ ಅಪ್ಪ ಹೊರಟರೆ, ಗೇಟಿನ ಬಳಿ ಚಹಾ ಅಂಗಡಿ ಇಟ್ಟಿರುವ ಅಳಿಯ, ಅಂದರೆ ಗುಡ್ಡೆಯಕ್ಕನ ಗಂಡ, ಬಾಗಿಲೆಳೆದು, ಟಾರ್ಚು ಹಿಡಿದು, ಒಂದು ಫರ್ಲಾಂಗು ಹಿಂದೆ ಹೊರಡುತ್ತಾರೆ. “ಮಾವ ತಿರುಗಿ ನೋಡಿದ್ರೆ ನಾನು ಹಕ್ಕಿ ನೋಡ್ತಾ ನಿಲ್ತೀನಿ. ಕತ್ತಲಾಗೋ ಹೊತ್ತಲ್ಲಿ ಯಾವ ಹಕ್ಕಿಯೋ!” ಎಂದು ಆ ಗೂಢಚಾರ ಗೋಳು ತೋಡಿಕೊಳ್ಳುತ್ತಾರೆ. ಬೆಳಿಗ್ಗೆ ಮಗಳು ಆ ಗುಡ್ಡೆಯನ್ನು ತೆಗೆಯುತ್ತಾರೆ.

ಇದರಲ್ಲಿ ರಜೆಗೆ ಜಾಗವಿಲ್ಲ. ಒಮ್ಮೆ ಜ್ವರ ಬಂದು ಮಲಗಿದಾಗ ಆ ಕೆಲಸಕ್ಕೆ ಗಂಡನನ್ನು ಕಳಿಸಿದ್ದರು. “ಕೆಡವೋದೇನು ಮಹಾ ಅಂದ್ಕೊಂಡು ಹೋದ್ರು. ಸರಿಯಾಗಿದ್ದನ್ನೆಲ್ಲ ಕೆಡವಿ, ಅಪ್ಪನದ್ದು ಮಾತ್ರ ನೋಡೋಕೆ ಲಕ್ಷಣವಾಗಿದೆ ಅಂತ ಬಿಟ್ಟು ಬಂದ್ರು.” ಅಂದು ಹೊಸದಾಗಿ ಮದುವೆಯಾದ ಜೋಡಿಯೊಂದು ತೊಡೆಯವರೆಗೆ ಹೂತು, ಒಂದು ಶೂ ಕೆಸರಿಗೆ ಒಪ್ಪಿಸಿ ಬಂತು. ಕಚೇರಿಯ ಮೇಲ್ವಿಚಾರಕರು ಮನೆಗೇ ಬಂದು ಕುಳಿತರು. ಅವರೂ ಅಪ್ಪನ ಕೈಕೆಳಗೆ ಕೆಲಸ ಕಲಿತವರು, ಹೇಳುವಾಗ ಮುಖ ಎತ್ತಲಿಲ್ಲ. ಇನ್ನೊಬ್ಬರು ಹೂಳಿಗೆ ಬಿದ್ದರೆ ಅಪ್ಪನನ್ನು ಗೇಟಿನ ಒಳಗೆ ಬಿಡುವಂತಿಲ್ಲ, ಅಷ್ಟೇ.

ಹಾಗಾಗಿ ಗುಡ್ಡೆಯಕ್ಕನ ಒಂದೊಂದು ಬೆಳಿಗ್ಗೆಯೂ ಆ ತಿರುವಿನ ಕಡೆಗೆ ಓಟ. ಇವತ್ತೂ ಅಷ್ಟೇ, ಅದು ಅಲ್ಲಿದೆ. ಬಿಳಿಗಲ್ಲು ಇಬ್ಬನಿಯಲ್ಲಿ ತೊಯ್ದಿದೆ. ಇದನ್ನು ಮಾತ್ರ ಅವರು ಒದೆಯುವುದಿಲ್ಲ. ಮಂಡಿಯೂರಿ, ಮೇಲಿನಿಂದ ಒಂದೊಂದೇ ಕಲ್ಲು ಬಿಡಿಸಿ, ಬಿಡಿಸಿದ ಕ್ರಮದಲ್ಲೇ ಜೋಡಿಸಿಡುತ್ತಾರೆ. ಆಮೇಲೆ ಎರಡು ಮೂರು ಸರ್ತಿ ಹತ್ತಿಳಿದು ಅವನ್ನೆಲ್ಲ ತಿರುವಿನ ಎಡಕ್ಕೆ, ನಿಜವಾದ ದಾರಿಯ ಬಾಯಿಗೆ ಸಾಗಿಸುತ್ತಾರೆ. ಅಲ್ಲಿ ಅದೇ ತಳದ ಕಲ್ಲು, ಅದೇ ಚಕ್ಕೆ, ಅದೇ ಬಿಳಿಗಲ್ಲು. ಚೂಪು ಮಾತ್ರ ಈಗ ಬೆಟ್ಟದ ಕಡೆಗೆ.

“ಅಪ್ಪ ಕಟ್ಟಿದ್ದನ್ನ ನಾನು ಕೆಡವಲ್ಲ, ಸ್ವಲ್ಪ ಪಕ್ಕಕ್ಕಿಡ್ತೀನಿ” ಎನ್ನುತ್ತಾ ಅಂಗೈಯಿಂದ ಒತ್ತಿ ನೋಡುತ್ತಾರೆ. ಅಲುಗುವುದಿಲ್ಲ.

ಬಿಸಿಲೇರಿದ ಮೇಲೆ ಅಪ್ಪ ಮಗಳ ಜೊತೆ ತಪಾಸಣೆಗೆ ಬರುತ್ತಾರೆ. ಹಗಲಲ್ಲಿ ಅವರು ಕಣ್ಣಿಗೆ ಕಂಡ ಗುಡ್ಡೆಯನ್ನು ನಂಬುತ್ತಾರೆ, ಸಂಜೆ ತಮ್ಮ ಕಾಲನ್ನು. ಮೇಲೆ ಹತ್ತುತ್ತಿದ್ದ ಯುವಕರ ಗುಂಪೊಂದು ಬಿಳಿಗಲ್ಲು ನೋಡಿ ಎಡಕ್ಕೆ ಹೊರಳುತ್ತದೆ. ಅಪ್ಪನ ಮುಖ ಅರಳುತ್ತದೆ.

“ನೋಡ್ದೇನಮ್ಮ? ನಾನು ಕಟ್ಟಿದ್ದು. ಸರಿಯಾದ ಜಾಗದಲ್ಲಿ ಕಟ್ಬೇಕು. ಎಲ್ಲೆಲ್ಲೋ ಕಟ್ಟಿದ್ರೆ ಜನ ಕೆಸರಿಗೆ ಹೋಗ್ತಾರೆ. ನೀನೂ ಕಲ್ತುಕೋ.”

“ಕಲೀತಿದ್ದೀನಪ್ಪ” ಎನ್ನುತ್ತಾರೆ ಗುಡ್ಡೆಯಕ್ಕ. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಅಪ್ಪನಿಗೆ ಗೊತ್ತಾಗುವುದಿಲ್ಲವೇ? “ಅವರು ಪೇಪರ್‌ನಲ್ಲಿ ಹವಾಮಾನ ಬಿಟ್ಟು ಬೇರೇನೂ ಓದಲ್ಲ. ಅದೂ ಸುಳ್ಳು ಅಂತ ಬೈಯೋಕೆ. ಧಾರಾಳವಾಗಿ ಬರೀರಿ.”

ಅಪ್ಪ ಕೋಲೂರುತ್ತಾ ಮುಂದೆ ಹೋಗಿದ್ದಾರೆ. ಹೊರಡುವ ಮುನ್ನ ಕೊನೆಯದೊಂದು ಪ್ರಶ್ನೆ. ಇಷ್ಟು ವರ್ಷದ ದುಡಿಮೆಗೆ ಏನಾದರೂ ಆಸೆ? ಒಂದು ದಿನದ ರಜೆಯಾದರೂ? ಗುಡ್ಡೆಯಕ್ಕ ಗಮ್‌ಬೂಟಿನ ಮಣ್ಣನ್ನು ಬಂಡೆಗೆ ಉಜ್ಜುತ್ತಾರೆ.

“ಮೊದಮೊದಲು, ನಾಳೆಯಾದ್ರೂ ಆ ಗುಡ್ಡೆ ಅಲ್ಲಿರದಿದ್ರೆ ಸಾಕಪ್ಪಾ ಅಂತಿದ್ದೆ” ಎನ್ನುತ್ತಾರೆ. “ಈಗ ಹಾಗಲ್ಲ. ಅಪ್ಪಂಗೆ ವಯಸ್ಸಾಯ್ತು. ನಾಳೆ ಬೆಳಿಗ್ಗೆ ನಾನು ಹೋದಾಗ ಅಲ್ಲಿ ಗುಡ್ಡೆ ಇರ್ಬೇಕು ನೋಡಿ. ಅಷ್ಟು ಸಾಕು.”