ಐದು ಸಲ ಕೇಳಿದ ಕ್ಷಮೆ

ಆಸ್ಪತ್ರೆಗೆ ಹೋಗುವಾಗ ನನ್ನ ಸಮವಸ್ತ್ರದ ಜೇಬಿನಲ್ಲಿ ಅಂಗೈಯಗಲದ ಒಂದು ನೋಟ್‌ಬುಕ್ ಇರುತ್ತದೆ. ಪುಟದ ಮೇಲೆ ದಿನಾಂಕ, ಕೆಳಗೆ ಐದು ಕಾಲಂ. ಬಿಪಿ ನೋಡಿದ್ದು ಎಷ್ಟು, ಹಾಸಿಗೆ ಬದಲಿಸಿದ್ದು ಎಷ್ಟು, ಮೈ ಒರೆಸಿದ್ದು ಎಷ್ಟು, ರೋಗಿಗಳನ್ನು ನಡೆಸಿದ್ದು ಎಷ್ಟು. ಕೊನೆಯ ಕಾಲಮ್ಮಿನ ಹೆಸರು 'ಕ್ಷಮೆ'. ಯಾರಿಂದಾದರೂ ಬೈಸಿಕೊಂಡು ಕ್ಷಮೆ ಕೇಳಿದಾಗಲೆಲ್ಲ ಅಲ್ಲಿ ಒಂದು ಗೀಟು, ಪಕ್ಕದಲ್ಲಿ ಗಂಟೆ. ತಪ್ಪುಗಳು ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಎಂದು ಗೊತ್ತಾದರೆ ಆ ಹೊತ್ತಿನಲ್ಲಿ ಎಚ್ಚರವಾಗಿರಬಹುದು ಎಂದು ನನ್ನ ಲೆಕ್ಕಾಚಾರ.

ಮೈಸೂರಿನಿಂದ ದೋಹಾಕ್ಕೆ ಬಂದು ಬಿನ್ ಮಹಮೂದ್ ಬಡಾವಣೆಯಲ್ಲಿ ಅಕ್ಕ, ಭಾವನ ಫ್ಲಾಟಿನಲ್ಲಿದ್ದೇನೆ. ನರ್ಸ್‌ಗಳ ಕೈಕೆಳಗೆ ದುಡಿಯುವ ಸಹಾಯಕಿಯಾಗಲು ತರಬೇತಿ: ನಾಲ್ಕು ತಿಂಗಳು ತರಗತಿ, ಆಮೇಲೆ ಆರು ವಾರ ವಾರ್ಡು. ವಿಮಾನ ಇಳಿದ ದಿನವೇ ಭಾವ ಕಾರಿನಲ್ಲಿ ಅರಬ್ಬಿಯ ಮೂರು ಮಾತು ಕಲಿಸಿದ್ದರು. "ಯಲ್ಲಾ ಅಂದ್ರೆ ನಡಿ. ಖಲಾಸ್ ಅಂದ್ರೆ ಮುಗೀತು. ಮಾಫಿ ಅಂದ್ರೆ ಇಲ್ಲ. ಇಷ್ಟು ಗೊತ್ತಿದ್ರೆ ಈ ಊರಲ್ಲಿ ಹತ್ತು ವರ್ಷ ತಳ್ಬೋದು, ನನ್ನ ನೋಡು." ಅದಕ್ಕೇ ಹತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತಿದ್ದೀರಿ ಎಂದು ಅಕ್ಕ ಮುಂದಿನ ಸೀಟಿನಿಂದಲೇ ಚುಚ್ಚಿದ್ದಳು. ಮೂರೂ ಮಾತುಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಅದೇ ನೋಟ್‌ಬುಕ್ಕು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಇದು ನಡೆದದ್ದು ವಾರ್ಡಿನಲ್ಲಿ ನನ್ನ ಹನ್ನೊಂದನೆಯ ದಿನ. ಹೆಂಗಸರ ಮೂಳೆ ವಾರ್ಡು, ಬೆಳಗಿನ ಏಳರಿಂದ ಮೂರರವರೆಗಿನ ಪಾಳಿ. ನನ್ನನ್ನು ನೋಡಿಕೊಳ್ಳುತ್ತಿದ್ದವರು ಉಡುಪಿ ಕಡೆಯ ಹಿರಿಯ ಸಿಸ್ಟರ್. ಬೇರೆಯವರ ಮುಂದೆ ಇಂಗ್ಲಿಷ್, ಬೈಯುವಾಗ ಕನ್ನಡ. ತರಬೇತಿ ಪುಸ್ತಕದ ಒಂದೊಂದು ಪುಟಕ್ಕೂ ಅವರ ಸಹಿ ಬೇಕು. ಆ ದಿನದ ಪುಟ ರೋಗಿ ಎಷ್ಟು ಕುಡಿದರು, ಎಷ್ಟು ಮೂತ್ರ ಹೋಯಿತು ಎಂಬ ಲೆಕ್ಕದ್ದು. ಲೆಕ್ಕವೆಂದರೆ ನನಗೆ ಹಬ್ಬ.

ನಾಲ್ಕನೆಯ ಹಾಸಿಗೆಯಲ್ಲಿ ಈ ದೇಶದವರೇ ಆದ ಒಬ್ಬ ಅಜ್ಜಿ. ಮೊಣಕಾಲಿನ ಆಪರೇಷನ್ ಆಗಿ ಎರಡನೆಯ ದಿನ. ಮೂತ್ರಕ್ಕೆ ಹಾಕಿದ್ದ ಪೈಪನ್ನು ಬೆಳಿಗ್ಗೆ ಆರಕ್ಕೆ ತೆಗೆದಿದ್ದರು. ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಪೈಪ್ ತೆಗೆದ ಮೇಲೆ ಕೆಲವರಿಗೆ ಯೂರಿನ್ ಕಟ್ಟಿಕೊಳ್ತದೆ. ನಮಗೆ ಗೊತ್ತಾಗದಿದ್ರೆ ಒಳಗೆ ಚೀಲ ಹಿಗ್ಗಿ ಹಾಳಾಗ್ತದೆ. ಹಾಗಾಗಿ ಅಳತೆ ಮುಖ್ಯ, ಆಯ್ತಾ?" ಎಂದರು. ಕಮೋಡಿನ ಸೀಟಿನ ಕೆಳಗೆ ಇಡಲು ಗೆರೆ ಹಾಕಿದ ಪ್ಲಾಸ್ಟಿಕ್ ಬೋಗುಣಿಯೊಂದನ್ನು ಕೊಟ್ಟರು.

ಅಲ್ಲಿ ವಯಸ್ಸಾದ ಹೆಂಗಸರನ್ನು ಎಲ್ಲರೂ ಮಾಮಾ ಎನ್ನುತ್ತಾರೆ. ಈ ಮಾಮಾ ಮನೆಕೆಲಸದವರಿಂದ ಕಲಿತ ಒಂದೆರಡು ಹಿಂದಿ ಮಾತು ಆಡುತ್ತಿದ್ದರು: ಪಾನಿ, ಚಾಯ್, ಜಲ್ದಿ. ಸದ್ಯ, ಹಿಂದಿ ಬರುತ್ತದಲ್ಲ ಎಂದು ನನಗೆ ಸಮಾಧಾನ. ಏಳೂ ನಲವತ್ತಕ್ಕೆ ಟ್ರೇ ಸರಿಸುವಾಗ ಅವರ ಕಾಫಿ ಲೋಟ ನನ್ನ ಮೊಣಕೈಗೆ ತಾಗಿ, ಮಡಿಲ ಮೇಲಿದ್ದ ನಮಾಜಿನ ಬಟ್ಟೆಯ ಮೇಲೆ ಚೆಲ್ಲಿತು. ನಾನು ಗಾಬರಿಯಲ್ಲಿ ಒರೆಸುವ ಬಟ್ಟೆಗೆ ಓಡಿದೆನೇ ಹೊರತು ಕ್ಷಮೆ ಕೇಳಲಿಲ್ಲ.

ಎಂಟೂ ಹತ್ತಕ್ಕೆ ಅವರು ನನ್ನನ್ನು ಕೈಸನ್ನೆ ಮಾಡಿ ಕರೆದರು. ಮಡಿಲನ್ನು ತೋರಿಸಿ, ಹುಬ್ಬು ಗಂಟಿಕ್ಕಿ, "ಮಾಫಿ ಬೋಲ್" ಎಂದರು.

ಕ್ಷಮೆ ಕೇಳು. ನನ್ನ ಶಾಲೆಯ ಹಿಂದಿಯಲ್ಲಿ, ಟೀವಿಯ ಹಿಂದಿಯಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ. ಸರಿಯಾಗಿಯೇ ಕೇಳುತ್ತಿದ್ದಾರೆ ಅನ್ನಿಸಿತು. ಕೈ ಮುಗಿದು, "ಮಾಫಿ, ಮಾಮಾ, ಮಾಫಿ" ಎಂದೆ. ಹೊರಗೆ ಬಂದು ಗೀಟು ಹಾಕಿದೆ.

ಒಂಬತ್ತಕ್ಕೆ ವಾಕರ್ ಹಿಡಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋದೆ. ಸೀಟಿನ ಮೇಲೆ ಕೂರಿಸಿ, ಅವರು ಹೊರಗೆ ಹೋಗು ಎಂದು ಕೈ ಬೀಸಿದ್ದರಿಂದ ಬಾಗಿಲಾಚೆ ನಿಂತೆ. ತುಂಬಾ ಹೊತ್ತಾಯಿತು. ಆಮೇಲೆ ನೀರಿನ ಸದ್ದು. ಅವರನ್ನು ಹಾಸಿಗೆಗೆ ಮುಟ್ಟಿಸಿ ಬಂದು ಬೋಗುಣಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ತರಗತಿಯಲ್ಲಿ ಕಲಿಸಿದಂತೆಯೇ ಓದಿದೆ. ಇನ್ನೂರ ಐವತ್ತು ಮಿಲಿ. ಬಣ್ಣದ ಜಾಗದಲ್ಲಿ 'ನೀರಿನಂತೆ ತಿಳಿ' ಎಂದು ಇಂಗ್ಲಿಷಿನಲ್ಲಿ ಬರೆದೆ. ಹನ್ನೊಂದೂವರೆಗೆ ಇನ್ನೊಮ್ಮೆ. ಮುನ್ನೂರು, ಅದೇ ಬಣ್ಣ.

ನಡುವೆ ಒಂಬತ್ತೂ ಮೂವತ್ತೈದಕ್ಕೆ, ಹತ್ತೂ ಐವತ್ತಕ್ಕೆ, ಆಮೇಲೆ ಹನ್ನೆರಡೂ ಐದಕ್ಕೆ ಅದೇ ಮಾತು, ಅದೇ ಮಡಿಲಿನ ಮೇಲೆ ಕೈ. ನಾನೂ ಪ್ರತಿ ಸಲ ಕೈ ಮುಗಿದೆ, ಅದನ್ನೇ ಹೇಳಿದೆ. ಹನ್ನೆರಡೂ ಐದಕ್ಕೆ ಅವರ ಕಣ್ಣಂಚು ಒದ್ದೆಯಾಗಿತ್ತು. ಒಂದು ಬಟ್ಟೆಗೆ ಇಷ್ಟೊಂದೇ ಎಂದು ನನಗೆ ರೇಗಿತು. ಗೀಟಿನ ಪಕ್ಕದಲ್ಲಿ 'ಅತಿಯಾಯಿತು' ಎಂದು ಬರೆದೆ. ಅಷ್ಟರಲ್ಲಿ ಸಿಸ್ಟರ್ ಚಾರ್ಟ್ ನೋಡಿ ಐನೂರ ಐವತ್ತು ಎಂದು ಕೂಡಿಸಿ, ಭಾರೀ ಚಂದ ಬರೆದಿದ್ದಿ ಎಂದು ಹೊಗಳಿ ಮುಂದಿನ ಹಾಸಿಗೆಗೆ ಹೋದರು. ಒಂದೂ ಹದಿನೈದಕ್ಕೆ ಐದನೆಯ ಗೀಟು.

ಒಂದೂವರೆಗೆ ಮಗಳು ಬಂದರು. ತಾಯಿಯ ಬಳಿ ಬಗ್ಗಿ ಎರಡು ನಿಮಿಷ ಕೇಳಿಸಿಕೊಂಡು, ನೆಟ್ಟಗೆ ಎದ್ದು ಸಿಸ್ಟರ್ ಇದ್ದಲ್ಲಿಗೆ ಹೋದರು. ದನಿ ಏರಿಸಲಿಲ್ಲ. ಅಮ್ಮನಿಗೆ ಬೆಳಗಿನಿಂದ ಮೂತ್ರವೇ ಹೋಗಿಲ್ಲ, ಈ ಹುಡುಗಿಗೆ ಮತ್ತೆ ಮತ್ತೆ ಹೇಳಿದ್ದಾರಂತೆ, ಹೇಳಿದಾಗಲೆಲ್ಲ ಇವಳು ಕೈ ಮುಗಿದು 'ಇಲ್ಲ, ಮಾಮಾ, ಇಲ್ಲ' ಅನ್ನುತ್ತಾಳಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನಾನು ಅಲ್ಲೇ ನಿಂತಿದ್ದೆ. ಅವರ ಮಾತಿನ ಅರ್ಥ ಒಂದೊಂದಾಗಿ ಇಳಿಯಿತು. ಮಾಫಿ, ಇಲ್ಲ. ಬೋಲ್ ಎಂದರೆ ಅರಬ್ಬಿಯಲ್ಲಿ ಮೂತ್ರವೆಂದು ತರಗತಿಯಲ್ಲಿ ಕಲಿಸಿರಲಿಲ್ಲ. ಆಗ ಯಾರೂ ಕಲಿಸಬೇಕಾಗಿರಲಿಲ್ಲ.

ಸಿಸ್ಟರ್ ಚಾರ್ಟ್ ತೋರಿಸಿ ಐನೂರ ಐವತ್ತು ಹೋಗಿದೆಯಲ್ಲ ಎಂದರು. ಮಗಳು ತಾಯಿಯನ್ನು ಕೇಳಿದರು. ಮಾಮಾ ಇಲ್ಲವೆಂದು ತಲೆಯಾಡಿಸಿ, ಗೋಡೆಯ ಜೆಟ್ ಸ್ಪ್ರೇ ಹಿಡಿದು ನೀರು ಬಿಡುವಂತೆ ಕೈಯಲ್ಲಿ ತೋರಿಸಿದರು. ಬೆಚ್ಚಗಿನ ನೀರು ಬಿಟ್ಟುಕೊಂಡರಾದರೂ ಬರಬಹುದೆಂದು ನೋಡಿದರಂತೆ.

ಸಿಸ್ಟರ್ ಸ್ಕ್ಯಾನ್ ಯಂತ್ರವನ್ನು ತಾವೇ ತಳ್ಳಿಕೊಂಡು ಬಂದರು. ಹೊಟ್ಟೆಯ ಕೆಳಭಾಗ ಗಟ್ಟಿಯಾಗಿ ಉಬ್ಬಿತ್ತು. ಒಳಗೆ ಕಟ್ಟಿಕೊಂಡಿದ್ದರ ಅಳತೆ ಪರದೆಯ ಮೇಲೆ ಬಂತು, ಒಂಬೈನೂರ ನಲವತ್ತು ಮಿಲಿ. ಆಮೇಲೆ ಅವರು ಚಾರ್ಟನ್ನು ನನ್ನ ಮುಂದೆ ಹಿಡಿದು ಮೆಲ್ಲಗೆ, "ನೀರಿನ ಹಾಗೆ ತಿಳಿ ಅಂತ ನೀನೇ ಬರೆದಿದ್ದಿ ಮಾರಾಯ್ತಿ. ನೀರೇ ಅದು" ಎಂದರು.

ಮತ್ತೆ ಪೈಪು ಹಾಕಿದರು. ಪೈಪಿನ ತುದಿಯ ಪ್ಲಾಸ್ಟಿಕ್ ಚೀಲ ತುಂಬುವುದನ್ನು ನೋಡುತ್ತ ನಿಂತೆ. ಅಷ್ಟನ್ನೂ ಆ ಹೆಂಗಸು ಹೊತ್ತುಕೊಂಡು ನನಗೆ ಹೇಳುತ್ತಲೇ ಇದ್ದರು. ವೈದ್ಯರು ಬಂದು, ನೋವು ಯಾವಾಗ ಶುರುವಾಯಿತು ಎಂದು ಕೇಳಿದರು. ಎಷ್ಟು ಹೊತ್ತು ಹಿಗ್ಗಿತ್ತು ಎನ್ನುವುದರ ಮೇಲೆ ಪೈಪು ಎಷ್ಟು ದಿನ ಇರಬೇಕೆಂದು ತೀರ್ಮಾನ. ಸರಿಹೋಗದಿದ್ದರೆ ಪೈಪಿನೊಂದಿಗೇ ಮನೆಗೆ ಹೋಗಬೇಕು. ಮಾಮಾ ಬೆಳಗಿನಿಂದ ಎಂದರು. ಚಾರ್ಟಿನಲ್ಲಿದ್ದುದು ನನ್ನ ಸುಳ್ಳು ಐನೂರ ಐವತ್ತು.

ಬೋಗುಣಿಯ ತಪ್ಪು ಎಲ್ಲರಿಗೂ ಗೊತ್ತಾಗಿತ್ತು. ಆ ಐದು ಗೀಟುಗಳು ಗೊತ್ತಿದ್ದುದು ನನಗೊಬ್ಬಳಿಗೆ. ಜೇಬಿನ ಮೇಲೆ ಕೈಯಿಟ್ಟುಕೊಂಡು ಒಂದು ಕ್ಷಣ ನಿಂತೆ. ಆಮೇಲೆ ನೋಟ್‌ಬುಕ್ ತೆಗೆದು ಸಿಸ್ಟರ್ ಕೈಗೆ ಕೊಟ್ಟೆ. ಆ ವಾರ್ಡಿನಲ್ಲಿ ಕನ್ನಡ ಓದಬಲ್ಲವರು ಅವರೊಬ್ಬರೇ.

"ಇದೆಂತ, ಕ್ಷಮೆ?"

ಹೇಳಿದೆ. ಹಿಂದಿ ಎಂದುಕೊಂಡೆ ಎಂದೆ. ಅವರು ನಗುತ್ತಾರೇನೋ ಎಂದು ಒಂದು ಮನಸ್ಸು ಕಾಯುತ್ತಿತ್ತು. ಅವರು ನಗಲಿಲ್ಲ. ಐದೂ ಗಂಟೆಗಳನ್ನು ವೈದ್ಯರಿಗೆ ಓದಿ ಹೇಳಿದರು. ನಾಲ್ಕನೆಯದರ ಪಕ್ಕದಲ್ಲಿ ಬೆರಳು ನಿಂತಿತು. 'ಅತಿಯಾಯಿತು' ಎಂಬುದನ್ನು ಓದಿಕೊಂಡು, ನನ್ನ ಮುಖ ನೋಡಿ, ಅದನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸದೆ ಬಿಟ್ಟರು. ಹಳೆಯ ಎರಡು ಅಳತೆಗಳ ಮೇಲೆ ಅಡ್ಡಗೀಟು ಎಳೆಸಿ, ಪಕ್ಕದಲ್ಲಿ ನನ್ನಿಂದಲೇ ಸಹಿ ಹಾಕಿಸಿದರು. ತರಬೇತಿ ಪುಸ್ತಕದ ಪುಟಕ್ಕೆ ಅವರ ಸಹಿ ಬೀಳಲಿಲ್ಲ. ನಾನೂ ಕೇಳಲಿಲ್ಲ.

ಪಾಳಿ ಮುಗಿಯುವ ಮೊದಲು ಮಾಮಾ ಹತ್ತಿರ ಹೋದೆ. ಕೈ ತಾನಾಗಿ ಮುಗಿಯಿತು, ಬಾಯಿಗೆ ಅದೇ ಪದ ಬಂತು, ಅಲ್ಲೇ ತಡೆಯಿತು. ನಿಜವಾಗಿ ಕ್ಷಮೆ ಕೇಳಬೇಕಾದಾಗ ನನ್ನಲ್ಲಿದ್ದ ಪದಕ್ಕೆ ಅವರ ಕಿವಿಯಲ್ಲಿ 'ಇಲ್ಲ' ಎಂದು ಅರ್ಥ. ಸಿಸ್ಟರ್ ಹಿಂದಿನಿಂದ, "ಆಸ್ಫಾ. ಆಸ್ಫಾ ಅಂತ ಹೇಳು" ಎಂದರು. ಹೇಳಿದೆ. ಮಾಮಾ ಕಣ್ಣು ಮುಚ್ಚಿಕೊಂಡೇ "ಖಲಾಸ್" ಎಂದರು. ಮುಗಿಯಿತು. ಸಿಟ್ಟು ಮುಗಿಯಿತೋ, ನನ್ನ ಜೊತೆ ಮಾತು ಮುಗಿಯಿತೋ, ಭಾವ ಕಲಿಸಿದ್ದರಲ್ಲಿ ಅದು ಇರಲಿಲ್ಲ.

ಅದಾದ ಮೂರನೆಯ ದಿನ ಬೆಳಿಗ್ಗೆ ಪೈಪು ತೆಗೆದರು. ನಾನೇ ನಡೆಸಿಕೊಂಡು ಹೋದೆ. ಈ ಸಲ ಬಾಗಿಲು ಅರ್ಧ ತೆರೆದು, ಬೆನ್ನು ತಿರುಗಿಸಿ ನಿಂತೆ. ಮೊದಲ ಸಲ ಏನೂ ಇಲ್ಲ. ಅವರು ಹೇಳುವ ಮೊದಲೇ ನಾನು ಕೇಳಿ, ಸಿಸ್ಟರ್‌ಗೆ ತಿಳಿಸಿ ಬಂದೆ. ಒಂದು ಗಂಟೆಯ ಮೇಲೆ ಮತ್ತೆ ಕರೆದರು. ಸ್ಪ್ರೇ ಕೊಕ್ಕೆಯಲ್ಲೇ ತೂಗುತ್ತಿತ್ತು. ಒಳಗಿನಿಂದ, "ಫೀ" ಎಂದರು. ಇದೆ.

ಬೋಗುಣಿಯನ್ನು ಬೆಳಕಿಗೆ ಹಿಡಿದೆ. ಇನ್ನೂರ ಹತ್ತು, ಹಳದಿ. ಬರೆಯುವ ಮೊದಲು ಸಿಸ್ಟರನ್ನು ಕರೆದು ಇನ್ನೊಮ್ಮೆ ಓದಿಸಿದೆ.